ಕರಾವಳಿಯ ಮೂರು ಮನೆಗಳಲ್ಲಿ ಟಿವಿ ರೆಕಾರ್ಡರ್: ಎಂಟು ಮಳೆಗಾಲಗಳ ಅನುಭವ

ಉಡುಪಿಯ ಅಂಬಲಪಾಡಿಯ ನಮ್ಮ ಮನೆಗೆ 500 ಜಿಬಿ ಹಾರ್ಡ್ ಡಿಸ್ಕ್ ಇರುವ ಡಿಶ್ ರೆಕಾರ್ಡರ್ ಬಂದದ್ದು ಅಮ್ಮನ ಮೊಣಕಾಲಿನ ಶಸ್ತ್ರಚಿಕಿತ್ಸೆಯಾದ ವರ್ಷ. ಎಂಟು ಮಳೆಗಾಲಗಳನ್ನು ಕಂಡ ಆ ಪೆಟ್ಟಿಗೆ ಕಳೆದ ವರ್ಷ ಕೆಲಸ ನಿಲ್ಲಿಸಿತು. ಸುರತ್ಕಲ್‌ನಲ್ಲಿ ಅಕ್ಕನ ಮನೆಯಲ್ಲಿ ಅದೇ ಮಾದರಿಯದ್ದು ಇನ್ನೂ ನಡೆಯುತ್ತಿದೆ. ಮಂಗಳೂರಿನ ಕದ್ರಿಯಲ್ಲಿರುವ ಹಿರಿಯ ಸ್ನೇಹಿತರೊಬ್ಬರು, ನಿವೃತ್ತ ಬ್ಯಾಂಕ್ ಉದ್ಯೋಗಿ, ಬೇರೊಂದು ಕಂಪನಿಯ ರೆಕಾರ್ಡರ್ ಇಟ್ಟುಕೊಂಡಿದ್ದಾರೆ. ಮೂರು ಮನೆಗಳಲ್ಲಿ ಕಂಡದ್ದನ್ನು ಒಟ್ಟಿಗೆ ಬರೆಯುತ್ತಿದ್ದೇನೆ. ಇಲ್ಲಿ ಹೇಳುವ ಗುಣದೋಷಗಳು ಯಾವುದೇ ಒಂದು ಕಂಪನಿಗೆ ಸೀಮಿತವಾದವುಗಳಲ್ಲ, ಹಾರ್ಡ್ ಡಿಸ್ಕ್ ಇರುವ ಎಲ್ಲ ಡಿಶ್ ಪೆಟ್ಟಿಗೆಗಳಿಗೂ ಬಹುಮಟ್ಟಿಗೆ ಹೊಂದುತ್ತವೆ. ಆದ್ದರಿಂದ ಕಂಪನಿಗಳ ಹೆಸರು ಬರೆದಿಲ್ಲ.

ಇಂಥ ಯಂತ್ರ ಹೊಸತೇನಲ್ಲ. ಅಮೆರಿಕದಲ್ಲಿ ಟಿವೋ ಎಂಬ ರೆಕಾರ್ಡರ್ 1999ರಲ್ಲಿಯೇ ಮಾರುಕಟ್ಟೆಗೆ ಬಂದಿತ್ತು; ನಮ್ಮ ದೇಶದ ಡಿಟಿಎಚ್‌ನಲ್ಲಿ ಟಾಟಾ ಸ್ಕೈ ಪ್ಲಸ್ 2008ರಲ್ಲಿ ಬಂತು. ಹಳೆಯ ವಿಸಿಆರ್ ಚಿತ್ರವನ್ನು ಟೇಪಿಗೆ ಇಳಿಸುವಾಗ ಅದರ ಗುಣಮಟ್ಟ ಒಂದಷ್ಟು ಕುಂದುತ್ತಿತ್ತು. ಡಿಶ್ ರೆಕಾರ್ಡರ್ ಹಾಗಲ್ಲ. ಉಪಗ್ರಹದಿಂದ ಚಿತ್ರ ಅಂಕಿಗಳ ರೂಪದಲ್ಲಿಯೇ ಬರುವುದರಿಂದ, ಪೆಟ್ಟಿಗೆ ಆ ಅಂಕಿಗಳನ್ನು ಬಂದ ಹಾಗೆಯೇ ಡಿಸ್ಕಿಗೆ ಬರೆದುಕೊಳ್ಳುತ್ತದೆ. ನೇರ ಪ್ರಸಾರಕ್ಕೂ ಮುದ್ರಿಕೆಗೂ ಕಣ್ಣಿಗೆ ಕಾಣುವ ವ್ಯತ್ಯಾಸವೇ ಇರುವುದಿಲ್ಲ. ಎಚ್‌ಡಿ ಚಾನೆಲ್ ಸೆಕೆಂಡಿಗೆ 8 ಮೆಗಾಬಿಟ್ ವೇಗದಲ್ಲಿ ಬರುತ್ತದೆ ಎಂದು ಹಿಡಿದರೆ ಒಂದು ಗಂಟೆಗೆ 3.6 ಜಿಬಿ ಬೇಕಾಗುತ್ತದೆ. 500 ಜಿಬಿಯಲ್ಲಿ ಲೆಕ್ಕಪ್ರಕಾರ 138 ಗಂಟೆ ಹಿಡಿಯಬೇಕು. ಆದರೆ ಡಿಸ್ಕಿನ ಒಂದು ಪಾಲನ್ನು ಪೆಟ್ಟಿಗೆ ತನ್ನ ಕೆಲಸಕ್ಕೇ ಇಟ್ಟುಕೊಳ್ಳುವುದರಿಂದ ನಮಗೆ ಸಿಗುತ್ತಿದ್ದದ್ದು ಅದಕ್ಕಿಂತ ಕಡಿಮೆ. ಸಾಧಾರಣ ಚಾನೆಲ್‌ಗಳಾದರೆ ಇದರ ಮೂರು ಪಟ್ಟಿಗಿಂತ ಹೆಚ್ಚು ಹಿಡಿಯುತ್ತದೆ. ಮನೆಯ ಬಳಕೆಗೆ ಜಾಗ ಸಾಲದೆಂದು ಯಾರೂ ದೂರಿದ್ದನ್ನು ನಾನು ಕೇಳಿಲ್ಲ.

ಅಮ್ಮನಿಗೆ ಈ ಪೆಟ್ಟಿಗೆಯಿಂದ ಆದ ಉಪಕಾರವನ್ನು ಮೊದಲು ಹೇಳಬೇಕು. ಊರುಗೋಲು ಹಿಡಿದು ನಡೆಯುತ್ತಿದ್ದ ಆ ತಿಂಗಳುಗಳಲ್ಲಿ ಬಾಗಿಲಿಗೆ ಯಾರಾದರೂ ಬಂದರೆ, ಫೋನು ಬಂದರೆ, ದೇವರ ದೀಪ ಹಚ್ಚುವ ಹೊತ್ತಾದರೆ, ರಿಮೋಟಿನ ಒಂದು ಗುಂಡಿ ಒತ್ತಿ ನೇರ ಪ್ರಸಾರವನ್ನೇ ನಿಲ್ಲಿಸಿ ನಿಧಾನವಾಗಿ ಎದ್ದು ಹೋಗುತ್ತಿದ್ದರು. ಬಂದು ಕುಳಿತ ಮೇಲೆ ನಿಲ್ಲಿಸಿದ ಮಾತಿನಿಂದಲೇ ಮುಂದುವರಿಯುತ್ತಿತ್ತು. ಅವಸರದಲ್ಲಿ ಎದ್ದು ಬೀಳುವ ಭಯ ಇಲ್ಲವಾದದ್ದು ನಮಗೆಲ್ಲ ದೊಡ್ಡ ಸಮಾಧಾನ. ಚಂದನದಲ್ಲಿ ಯಕ್ಷಗಾನವೋ ತಾಳಮದ್ದಳೆಯೋ ಬರುವುದಿದ್ದರೆ ರೆಕಾರ್ಡಿಗೆ ಹಾಕಿಟ್ಟು, ಮರುದಿನ ಮಧ್ಯಾಹ್ನ ಊಟದ ನಂತರ ನೋಡುತ್ತಿದ್ದರು. ಕಿವಿ ಸ್ವಲ್ಪ ಮಂದವಾದ್ದರಿಂದ ಅರ್ಥಗಾರಿಕೆಯ ಒಂದೊಂದು ಮಾತನ್ನು ಹಿಂದಕ್ಕೆ ಒಯ್ದು ಎರಡು ಮೂರು ಸಲ ಕೇಳುವರು. ಬೇರೆ ಯಾವ ಕಾರಣಕ್ಕೂ ಅಲ್ಲದಿದ್ದರೂ, ಈ ಹಿಂದಕ್ಕೆ ಒಯ್ಯುವ ಸೌಕರ್ಯಕ್ಕಾಗಿಯೇ ವಯಸ್ಸಾದವರಿರುವ ಮನೆಗೆ ರೆಕಾರ್ಡರ್ ತಕ್ಕದ್ದು ಎಂದು ನಾನು ನಂಬುತ್ತೇನೆ.

ಜೋಡಣೆಯ ಹೊತ್ತಿನಲ್ಲಿಯೇ ನೋಡಿಕೊಳ್ಳಬೇಕಾದ ಸಂಗತಿಯೊಂದಿದೆ. ಒಂದು ಚಾನೆಲ್ ನೋಡುತ್ತ ಇನ್ನೊಂದನ್ನು ಮುದ್ರಿಸಿಕೊಳ್ಳಲು ಪೆಟ್ಟಿಗೆಯೊಳಗೆ ಚಾನೆಲ್ ಹಿಡಿಯುವ ಎರಡು ಟ್ಯೂನರ್‌ಗಳಿರುತ್ತವೆ, ಮತ್ತು ನಮ್ಮಂಥ ಮಾದರಿಗಳಲ್ಲಿ ಆ ಎರಡಕ್ಕೂ ಛತ್ರಿಯಿಂದ, ಅಂದರೆ ಮಹಡಿಯ ಮೇಲಿನ ಡಿಶ್‌ನಿಂದ, ಬೇರೆ ಬೇರೆ ವಯರು ಬರಬೇಕು. ಸುರತ್ಕಲ್‌ನಲ್ಲಿ ಕೂರಿಸಲು ಬಂದ ಹುಡುಗ ಒಂದೇ ವಯರು ಎಳೆದು ಹೋಗಿದ್ದ. ಸುಮಾರು ಒಂದು ವರ್ಷದವರೆಗೆ ಅಕ್ಕ, ರೆಕಾರ್ಡಿಂಗ್ ನಡೆಯುವಾಗ ಬೇರೆ ಚಾನೆಲ್ ನೋಡಲಾಗುವುದಿಲ್ಲ, ಇದು ಪೆಟ್ಟಿಗೆಯ ಸ್ವಭಾವವೇ ಇರಬೇಕು ಎಂದು ತಿಳಿದು ಸುಮ್ಮನಿದ್ದರು. ನಾನು ಒಮ್ಮೆ ಹೋಗಿದ್ದಾಗ ಹಿಂಬದಿ ತಿರುಗಿಸಿ ನೋಡಿದರೆ ಎರಡನೆಯ ತೂತು ಖಾಲಿಯಾಗಿತ್ತು. ಇನ್ನೊಂದು ವಯರು ಎಳೆಸಿದ ಮೇಲೆ ಆ ತೊಂದರೆ ಮುಗಿಯಿತು. ಹಣ ಕೊಡುವ ಮೊದಲು ಎರಡು ಬೇರೆ ಬೇರೆ ಚಾನೆಲ್‌ಗಳನ್ನು ಏಕಕಾಲದಲ್ಲಿ ಓಡಿಸಿ ತೋರಿಸುವಂತೆ ಕೇಳಬೇಕು.

ಇನ್ನು ಮಳೆ. ಮಂಗಳೂರು, ಉಡುಪಿ ಕಡೆ ವರ್ಷಕ್ಕೆ 3,500 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಮನೆಯ ಡಿಶ್‌ಗೆ ಬರುವ ಸಂಕೇತ ಸುಮಾರು 12 ಗಿಗಾಹರ್ಟ್ಸ್ ಆವರ್ತನದ್ದು, ಅದರ ತರಂಗದ ಉದ್ದ ಎರಡೂವರೆ ಸೆಂಟಿಮೀಟರ್. ಇಷ್ಟು ಸಣ್ಣ ತರಂಗವನ್ನು ದೊಡ್ಡ ಹನಿಗಳ ಮಳೆ ಹೀರಿಕೊಳ್ಳುತ್ತದೆ, ಚದುರಿಸಿಬಿಡುತ್ತದೆ. ಕೇಬಲ್‌ನವರ ಕಟ್ಟಡದ ಮೇಲಿರುವ ದೊಡ್ಡ ಛತ್ರಿಗಳು ಹಿಡಿಯುವುದು ಸಾಮಾನ್ಯವಾಗಿ 4 ಗಿಗಾಹರ್ಟ್ಸ್ ಆಸುಪಾಸಿನ ಉದ್ದನೆಯ ತರಂಗಗಳನ್ನು, ಆದ್ದರಿಂದ ಅದೇ ಮಳೆಯಲ್ಲಿ ಕೇಬಲ್ ಟಿವಿ ನಡೆಯುತ್ತಿರುತ್ತದೆ. ಜುಲೈ, ಆಗಸ್ಟ್ ಹೊತ್ತಿನ ಆಟಿ ತಿಂಗಳ ಜಡಿಮಳೆಯಲ್ಲಿ ಸಂಕೇತ ಐದು ಹತ್ತು ನಿಮಿಷ ಹೋಗಿ ಬರುವುದು ನಮಗೆಲ್ಲ ಅಭ್ಯಾಸವಾದ ವಿಷಯ. ಆದರೆ ಕಣ್ಣೆದುರು ನೋಡುವಾಗ ಹತ್ತು ನಿಮಿಷ ಹೋದರೆ ಕಾದು ಕುಳಿತುಕೊಳ್ಳಬಹುದು. ರೆಕಾರ್ಡಿಗೆ ಹಾಕಿ ಮದುವೆಗೆ ಹೋದವರಿಗೆ ಮನೆಗೆ ಬಂದ ಮೇಲೆಯೇ ಗೊತ್ತಾಗುವುದು. ಇದರಲ್ಲಿ ಮೂರು ಪೆಟ್ಟಿಗೆಗಳೂ ಒಂದೇ ರೀತಿ ನಡೆದುಕೊಳ್ಳಲಿಲ್ಲ. ಕದ್ರಿಯದ್ದು ಸಂಕೇತ ಮರಳಿದ ಕೂಡಲೇ ಮುದ್ರಣವನ್ನು ತಾನಾಗಿ ಮುಂದುವರಿಸುತ್ತಿತ್ತು, ನಡುವೆ ಒಂದು ತುಂಡು ಮಾತ್ರ ಇಲ್ಲವಾಗುತ್ತಿತ್ತು. ನಮ್ಮದು ಮತ್ತು ಅಕ್ಕನದ್ದು ಸಂಕೇತ ತಪ್ಪಿದರೆ ಅಲ್ಲಿಗೇ ಮುದ್ರಣವನ್ನು ಮುಗಿಸಿಬಿಡುತ್ತಿದ್ದವು. ಎರಡು ಗಂಟೆಯ ತಾಳಮದ್ದಳೆಯಲ್ಲಿ ಪೀಠಿಕೆಯ ಇಪ್ಪತ್ತು ನಿಮಿಷ ಮಾತ್ರ ಉಳಿದದ್ದು ಅಮ್ಮನಿಗೆ ತುಂಬ ಬೇಸರ ತಂದಿತ್ತು. ನಮ್ಮ ಕರಾವಳಿಯಲ್ಲಿ ಮಾರುವ ಪೆಟ್ಟಿಗೆಗೆ ಇದು ಸಣ್ಣ ಲೋಪವಲ್ಲ. ಪೆಟ್ಟಿಗೆಯ ತಂತ್ರಾಂಶದಲ್ಲಿ ಸರಿಪಡಿಸಬಹುದಾದದ್ದನ್ನು ಎಂಟು ವರ್ಷ ಯಾರೂ ಸರಿಪಡಿಸಲಿಲ್ಲ ಎಂಬುದು ನನ್ನ ದೊಡ್ಡ ಅಸಮಾಧಾನ.

ಮಳೆಗಿಂತಲೂ ಕಷ್ಟ ಕೊಟ್ಟದ್ದು ಸಿಡಿಲು. ನಮ್ಮಲ್ಲಿ ಮುಂಗಾರಿನ ನಟ್ಟನಡುವೆ ಗುಡುಗು ಕಡಿಮೆ. ಏಪ್ರಿಲ್, ಮೇ ತಿಂಗಳಲ್ಲಿಯೂ ಮತ್ತೆ ಅಕ್ಟೋಬರ್, ನವೆಂಬರ್‌ನಲ್ಲಿಯೂ ಅದು ಜೋರು, ಅದೂ ಹೆಚ್ಚಾಗಿ ಸಾಯಂಕಾಲದ ಹೊತ್ತು. ಧಾರಾವಾಹಿಗಳನ್ನೂ ಯಕ್ಷಗಾನವನ್ನೂ ರೆಕಾರ್ಡಿಗೆ ಹಾಕುವ ಸಮಯವೂ ಅದೇ. ಗುಡುಗು ಕೇಳಿದ ಕೂಡಲೇ ಪ್ಲಗ್ ಕಿತ್ತು, ಛತ್ರಿಯ ವಯರನ್ನೂ ಬಿಚ್ಚಿಡುವುದು ಇಲ್ಲಿನ ಪ್ರತಿ ಮನೆಯ ರೂಢಿ. ಅದು ಸರಿಯಾದ ರೂಢಿಯೂ ಹೌದು, ಏಕೆಂದರೆ ಛತ್ರಿ ಮಹಡಿಯ ಮೇಲಿನ ಲೋಹದ ವಸ್ತು, ಅದರಿಂದ ಬರುವ ವಯರು ನೇರ ಪೆಟ್ಟಿಗೆಗೆ ಸೇರಿರುತ್ತದೆ. ಆದರೆ ರೆಕಾರ್ಡರ್ ಎಂಬುದು ಸದಾ ಕರೆಂಟು ಬೇಡುವ ಯಂತ್ರ. ರಿಮೋಟಿನಲ್ಲಿ ಆರಿಸಿ ಸ್ಟ್ಯಾಂಡ್‌ಬೈನಲ್ಲಿ ಇಟ್ಟರೆ ನಿಗದಿತ ಹೊತ್ತಿಗೆ ಎಚ್ಚರಗೊಂಡು ಮುದ್ರಿಸುತ್ತದೆ, ಗೋಡೆಯ ಸ್ವಿಚ್ ಆರಿಸಿದರೆ ಏನೂ ಆಗದು. ನಮ್ಮ ಮನೆಯಲ್ಲಿ ರಾತ್ರಿ ಮಲಗುವ ಮೊದಲು ಎಲ್ಲ ಸ್ವಿಚ್‌ಗಳನ್ನೂ ಆರಿಸುವ ಅಭ್ಯಾಸ ಅಮ್ಮನಿಗೆ ಎಷ್ಟು ಗಟ್ಟಿಯಾಗಿತ್ತೆಂದರೆ, ಮೊದಲ ಆರು ತಿಂಗಳು ನಸುಕಿನ ಭಜನೆಯ ಕಾರ್ಯಕ್ರಮ ಒಂದು ದಿನವೂ ಮುದ್ರಣವಾಗಲಿಲ್ಲ. ಕೊನೆಗೆ ಆ ಸ್ವಿಚ್‌ಗೆ ಕೆಂಪು ಅಂಟುಪಟ್ಟಿ ಹಚ್ಚಿದೆ. ಸಿಡಿಲಿನ ಸಾಯಂಕಾಲಗಳಿಗೆ ಮಾತ್ರ ಪರಿಹಾರ ಸಿಗಲಿಲ್ಲ. ಅಂಥ ದಿನ ಮುದ್ರಣದ ಆಸೆಯನ್ನು ಬಿಟ್ಟು ಪ್ಲಗ್ ಕೀಳುವುದೇ ಸರಿ. ಅಕ್ಕ ಒಂದು ದಿನ ಧಾರಾವಾಹಿಯ ಕೊನೆಯ ಕಂತಿಗಾಗಿ ಕೀಳದೆ ಬಿಟ್ಟಾಗ ಟ್ಯೂನರ್ ಒಂದು ಸುಟ್ಟುಹೋಗಿ ದುರಸ್ತಿಗೆ ಮೂರು ವಾರ ಹಿಡಿಯಿತು.

ಸದಾ ಕರೆಂಟಿನಲ್ಲಿರುವುದಕ್ಕೆ ತಕ್ಕ ಖರ್ಚೂ ಇದೆ. ಡಿಸ್ಕ್ ತಿರುಗುತ್ತಲೇ ಇರುವ ಪೆಟ್ಟಿಗೆ 20 ವ್ಯಾಟ್ ತೆಗೆದುಕೊಂಡರೆ ತಿಂಗಳಿಗೆ 14 ಯೂನಿಟ್‌ಗಿಂತ ಸ್ವಲ್ಪ ಮೇಲೆ ಆಗುತ್ತದೆ. ಹೊರೆಯೇನಲ್ಲ, ಆದರೆ ಸಾಧಾರಣ ಪೆಟ್ಟಿಗೆಯನ್ನು ಆರಿಸಿ ಮಲಗುವವರಿಗೆ ಈ ಲೆಕ್ಕ ಹೊಸತು. ಇನ್ವರ್ಟರ್ ಲೈನಿಗೆ ಸೇರಿಸಿದ್ದರಿಂದ ಮಳೆಗಾಲದ ಕರೆಂಟ್ ಕಡಿತಗಳಲ್ಲಿ ನಮ್ಮ ಮುದ್ರಣ ನಿಂತಿಲ್ಲ. ಡಿಸ್ಕ್ ಬರೆಯುತ್ತಿರುವಾಗ ಕರೆಂಟು ಪದೇ ಪದೇ ಹೋಗಿ ಬರುವುದು ಅದರ ಆಯುಷ್ಯಕ್ಕೆ ಒಳ್ಳೆಯದಲ್ಲವಾದ್ದರಿಂದಲೂ ಇನ್ವರ್ಟರ್ ಬೇಕು.

ಉಪ್ಪುಗಾಳಿಯ ಬಗ್ಗೆ ಎರಡು ಮಾತು ಸಾಕು. ಕಡಲಿನ ಹತ್ತಿರದ ಸುರತ್ಕಲ್‌ನ ಮನೆಯಲ್ಲಿ ಛತ್ರಿಯ ತುದಿಯ ವಯರಿನ ಕೊಂಡಿಗೆ ಎರಡು ವರ್ಷಕ್ಕೊಮ್ಮೆ ಹಸಿರು ಕಿಲುಬು ಹಿಡಿಯುತ್ತದೆ, ಸಂಕೇತ ಕುಂದುತ್ತದೆ, ಮಳೆ ಇಲ್ಲದಿದ್ದರೂ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಮಳೆಗಾಲಕ್ಕೆ ಮೊದಲು ಕೊಂಡಿ ಬದಲಿಸಿ ಮೇಲೆ ರಬ್ಬರ್ ಪಟ್ಟಿ ಸುತ್ತಿಸಬೇಕು. ನಮ್ಮಲ್ಲಿ ಕಿಲುಬಿಗಿಂತ ತೆಂಗಿನ ಮರ ಕಾರಣವಾಯಿತು: ಉಪಗ್ರಹಗಳು ಭೂಮಧ್ಯರೇಖೆಯ ಮೇಲೆ ನಮಗಿಂತ ಪೂರ್ವದಲ್ಲಿ ನಿಂತಿರುವುದರಿಂದ ಇಲ್ಲಿನ ಛತ್ರಿಗಳೆಲ್ಲ ಆಗ್ನೇಯಕ್ಕೆ ಮುಖಮಾಡಿರುತ್ತವೆ, ಮತ್ತು ಆ ದಿಕ್ಕಿನಲ್ಲಿ ನಾವೇ ನೆಟ್ಟ ಸಸಿ ಆರನೆಯ ವರ್ಷಕ್ಕೆ ಗರಿ ಬಿಚ್ಚಿ ಅಡ್ಡ ನಿಂತಿತು.

ಕಾರ್ಯಕ್ರಮ ಪಟ್ಟಿಯ ಸಮಯವನ್ನು ನಂಬಿ ಮುದ್ರಣಕ್ಕೆ ಹಾಕಿದವರಿಗೆ ಕೊನೆಯ ಐದು ನಿಮಿಷ ತಪ್ಪುವುದು ಮೂರೂ ಮನೆಗಳ ಅನುಭವ. ಪೆಟ್ಟಿಗೆ ಗಡಿಯಾರ ನೋಡಿ ಕೆಲಸ ಮಾಡುತ್ತದೆ, ಕಾರ್ಯಕ್ರಮ ಮುಗಿದಿದೆಯೇ ಎಂದು ಅದಕ್ಕೆ ತಿಳಿಯುವುದಿಲ್ಲ. ಮೊದಲಿಗೆ ಎರಡು, ಕೊನೆಗೆ ಹದಿನೈದು ನಿಮಿಷ ಸೇರಿಸಿಕೊಳ್ಳುವ ಆಯ್ಕೆ ಮೆನುವಿನಲ್ಲಿದ್ದರೆ ಮೊದಲ ದಿನವೇ ಅದನ್ನು ಹಾಕಿಬಿಡಬೇಕು. ಕ್ರಿಕೆಟ್ ಇದ್ದರೆ ಒಂದು ಗಂಟೆ ಸೇರಿಸಿದರೂ ಹೆಚ್ಚಲ್ಲ.

ಇನ್ನೊಂದು ಕೊರತೆಯನ್ನು ಕೊಳ್ಳುವ ಮುನ್ನ ಯಾರೂ ಯೋಚಿಸುವುದಿಲ್ಲ, ನಾನೂ ಯೋಚಿಸಿರಲಿಲ್ಲ. ಕಂಬಳ, ರಥೋತ್ಸವ, ಎರಡು ವರ್ಷಕ್ಕೊಮ್ಮೆ ಜನವರಿ 18ರ ನಸುಕಿನಲ್ಲಿ ನಡೆಯುವ ಉಡುಪಿಯ ಪರ್ಯಾಯ ಮೆರವಣಿಗೆ, ಊರಿನ ಮೇಳಗಳ ಆಟ, ಇವನ್ನೆಲ್ಲ ಆರಂಭದಿಂದ ಕೊನೆಯವರೆಗೆ ತೋರಿಸುವುದು ಸ್ಥಳೀಯ ಚಾನೆಲ್‌ಗಳು. ಅವು ಬರುವುದು ಕೇಬಲ್‌ನಲ್ಲಿ. ನಾವು ಹಾಕಿಸಿಕೊಂಡ ಡಿಶ್‌ನಲ್ಲಿ ಅವು ಇರಲಿಲ್ಲ. ಹೀಗೆ, ಮುದ್ರಿಸಿ ಇಟ್ಟುಕೊಳ್ಳಲೇಬೇಕೆಂದು ಅಮ್ಮ ಬಯಸಿದ ಅನೇಕ ಕಾರ್ಯಕ್ರಮಗಳು ಆ ದುಬಾರಿ ಪೆಟ್ಟಿಗೆಯೊಳಗೆ ಬರಲೇ ಇಲ್ಲ.

ಬಂದವಾದರೂ ಉಳಿದವೇ? ಈ ಪ್ರಶ್ನೆಗಾಗಿಯೇ ನಾನು ಇಷ್ಟನ್ನು ಬರೆಯಲು ಕುಳಿತದ್ದು. ಹಣ ಕೊಟ್ಟು ನೋಡುವ ಡಿಶ್‌ನ ಮುದ್ರಿಕೆ ಗೂಢಲಿಪಿಯಲ್ಲಿರುತ್ತದೆ, ಅದರ ಬೀಗದ ಕೈ ಆ ಪೆಟ್ಟಿಗೆ ಮತ್ತು ಅದರ ಕಾರ್ಡಿನಲ್ಲಿ ಮಾತ್ರ ಇರುತ್ತದೆ. ಡಿಸ್ಕನ್ನು ಬಿಚ್ಚಿ ಕಂಪ್ಯೂಟರಿಗೆ ಜೋಡಿಸಿದರೆ ಏನೂ ಕಾಣುವುದಿಲ್ಲ, ಅದೇ ಕಂಪನಿಯ ಇನ್ನೊಂದು ಪೆಟ್ಟಿಗೆಯಲ್ಲಿಯೂ ಓಡುವುದಿಲ್ಲ. ಅಕ್ಕನ ಮನೆಯಲ್ಲಿ ರೀಚಾರ್ಜ್ ಮುಗಿದಿದ್ದ ವಾರ, ಮೊದಲೇ ಮುದ್ರಿಸಿಟ್ಟಿದ್ದದ್ದೂ ತೆರೆಯಲಿಲ್ಲ. ನಮ್ಮ ಪೆಟ್ಟಿಗೆಯ ಡಿಸ್ಕ್ ಕಟಕಟ ಸದ್ದು ಮಾಡಲಾರಂಭಿಸಿದಾಗ ದೂರು ಕೊಟ್ಟೆವು; ಬಂದ ತಂತ್ರಜ್ಞ ಸೌಜನ್ಯದಿಂದಲೇ ನಡೆದುಕೊಂಡು, ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸಲು ಅರ್ಧ ಗಂಟೆ ತೆಗೆದುಕೊಂಡ. ಅಮ್ಮ ಏಳೆಂಟು ವರ್ಷಗಳಿಂದ ಅಳಿಸದೆ ಕಾಪಾಡಿಕೊಂಡಿದ್ದ ಯಕ್ಷಗಾನಗಳೂ ತಾಳಮದ್ದಳೆಗಳೂ ಹಳೆಯ ಪೆಟ್ಟಿಗೆಯೊಂದಿಗೆ ಹೋದವು. ಅವುಗಳಲ್ಲಿ ಈಗ ತೀರಿಕೊಂಡಿರುವ ಕಲಾವಿದರ ವೇಷಗಳೂ ಇದ್ದವು. ಹೀಗಾಗಬಹುದೆಂದು ಮಾರುವಾಗ ಯಾರೂ ಹೇಳಿರಲಿಲ್ಲ. ಪೆಟ್ಟಿಗೆಯ ಹೊರಗಡೆ ದೊಡ್ಡ ಅಕ್ಷರಗಳಲ್ಲಿ ಬರೆಯಬೇಕಾದ ವಿಷಯವಿದು.

ಸುರತ್ಕಲ್‌ನ ಭಾವ ಇದಕ್ಕೆ ಬೇರೆಯೇ ದಾರಿ ಹಿಡಿದಿದ್ದರು. ದೂರದರ್ಶನದ ಉಚಿತ ಡಿಶ್‌ಗೆ ಮಾರುಕಟ್ಟೆಯಲ್ಲಿ ಸಿಗುವ ಅಗ್ಗದ ಪೆಟ್ಟಿಗೆಗಳಲ್ಲಿ ಕೆಲವಕ್ಕೆ ಪೆನ್‌ಡ್ರೈವ್ ಚುಚ್ಚಿ ಮುದ್ರಿಸುವ ಸೌಲಭ್ಯವಿರುತ್ತದೆ. ಚಂದನ ಅದರಲ್ಲಿ ಬೀಗವಿಲ್ಲದೆ ಬರುವುದರಿಂದ ಆ ಕಡತ ಕಂಪ್ಯೂಟರಿನಲ್ಲಿಯೂ ಓಡುತ್ತದೆ, ನಕಲು ಮಾಡಿ ಇನ್ನೊಬ್ಬರಿಗೆ ಕೊಡಲೂ ಬರುತ್ತದೆ. ತೊಂದರೆಗಳಿವೆ: ಟ್ಯೂನರ್ ಒಂದೇ, ಕಾರ್ಯಕ್ರಮ ಪಟ್ಟಿ ಸರಿಯಿಲ್ಲ, ಸಮಯವನ್ನು ಕೈಯಿಂದಲೇ ಹಾಕಬೇಕು, ಹಳೆಯ ಫ್ಯಾಟ್32 ಮಾದರಿಯಲ್ಲಿ ಸಿದ್ಧಪಡಿಸಿದ ಪೆನ್‌ಡ್ರೈವ್‌ನಲ್ಲಿ 4 ಜಿಬಿಗಿಂತ ದೊಡ್ಡ ಕಡತ ಕೂರದ ಕಾರಣ ದೀರ್ಘ ಪ್ರಸಂಗ ಎರಡು ಮೂರು ತುಂಡುಗಳಾಗುತ್ತದೆ. ನಿಧಾನದ ಪೆನ್‌ಡ್ರೈವ್ ಹಾಕಿದರೆ ನಡುನಡುವೆ ಮಾತು ಹಾರಿಹೋಗುತ್ತದೆ. ಹೀಗಿದ್ದರೂ ನಮ್ಮ ಕುಟುಂಬದಲ್ಲಿ ಇಂದು ಉಳಿದಿರುವ ಮುದ್ರಿಕೆಗಳು ಭಾವನವರ ಪೆನ್‌ಡ್ರೈವ್‌ನವು ಮಾತ್ರ.

ನೆಟ್ ಚೆನ್ನಾಗಿರುವ ಮನೆಗಳಲ್ಲಿ ತಪ್ಪಿದ ಕಂತನ್ನು ಮೊಬೈಲಿನಲ್ಲಿ ನೋಡಿಕೊಳ್ಳುವವರೇ ಈಗ ಹೆಚ್ಚು. ಧಾರಾವಾಹಿಗಳಿಗಾಗಿ ರೆಕಾರ್ಡರ್ ಕೊಳ್ಳಿ ಎಂದು ನಾನು ಯಾರಿಗೂ ಹೇಳಲಾರೆ. ನೆಟ್ ಹಿಡಿಯದ ಕಡೆ, ಮನೆಯಲ್ಲಿ ವಯಸ್ಸಾದವರಿದ್ದು ಅವರಿಗೆ ನಿಲ್ಲಿಸಿ, ಹಿಂದಕ್ಕೆ ಒಯ್ದು ನೋಡುವ ಅನುಕೂಲ ಬೇಕಾದರೆ ಮಾತ್ರ ಕೊಳ್ಳಬಹುದು, ಅದೂ ಸಂಕೇತ ತಪ್ಪಿದರೆ ಮುದ್ರಣ ತಾನಾಗಿ ಮುಂದುವರಿಯುತ್ತದೆಯೇ ಎಂದು ಅಂಗಡಿಯಲ್ಲಿ ಕೇಳಿ ಖಚಿತಪಡಿಸಿಕೊಂಡು.

ಈಗಾಗಲೇ ಇಟ್ಟುಕೊಂಡಿರುವವರು ಕದ್ರಿಯ ಸ್ನೇಹಿತರು ಮಾಡುತ್ತಿರುವುದನ್ನು ನೋಡಬೇಕು. ನಮ್ಮ ಮನೆಯ ಸುದ್ದಿ ಕೇಳಿದ ಮೇಲೆ ಅವರು ತಮ್ಮ ಪೆಟ್ಟಿಗೆಯ ಹಿಂಬದಿಯ ಹಳದಿ, ಕೆಂಪು, ಬಿಳಿ ವಯರುಗಳನ್ನು ಹಳೆಯ ಡಿವಿಡಿ ರೆಕಾರ್ಡರ್‌ಗೆ ಜೋಡಿಸಿ, ಬೇಕಾದ ತಾಳಮದ್ದಳೆಗಳನ್ನು ಮನೆಯ ಮಟ್ಟಿಗೆ ಒಂದೊಂದಾಗಿ ಇಳಿಸಿಕೊಳ್ಳುತ್ತಿದ್ದಾರೆ. ಚಿತ್ರ ಅಷ್ಟು ಸ್ಪಷ್ಟವಿರುವುದಿಲ್ಲ, ಮಾತು ಮಾತ್ರ ಚೆನ್ನಾಗಿ ಕೇಳುತ್ತದೆ. ಮೂರು ಗಂಟೆಯದ್ದನ್ನು ಇಳಿಸಲು ಮೂರು ಗಂಟೆಯೇ ಬೇಕು, ಇದುವರೆಗೆ ಒಂಬತ್ತು ಆಗಿವೆ. ಅವುಗಳಲ್ಲಿ ಎರಡು, ಅಮ್ಮ ಕಳೆದುಕೊಂಡವುಗಳೇ ಎಂದು ತಿಳಿದು, ಮುಂದಿನ ಭಾನುವಾರ ತರಲು ಹೋಗುತ್ತಿದ್ದೇನೆ.