ಪ್ರಿಮ್‌ರೋಸ್ ಎಣ್ಣೆಯ ಕ್ಯಾಪ್ಸೂಲ್: ಲೇಬಲ್ಲನ್ನು ನಂಬುವ ಮುಂಚೆ

ಪಿಸಿಒಎಸ್ (ಹಾರ್ಮೋನು ಏರುಪೇರಾಗಿ ಅಂಡೋತ್ಪತ್ತಿ, ಮುಟ್ಟು ತಪ್ಪುವ ತೊಂದರೆ) ಇರುವವರಿಗೆಂದೇ ಮಾರುವ ಈವ್ನಿಂಗ್ ಪ್ರಿಮ್‌ರೋಸ್ ಎಂಬ ಹೂಗಿಡದ ಬೀಜದೆಣ್ಣೆಯ ಕ್ಯಾಪ್ಸೂಲಿನ ಡಬ್ಬಿ ಮೇಲೆ ದಪ್ಪಕ್ಷರದಲ್ಲಿ 1000 ಮಿ.ಗ್ರಾಂ ಎಂದಿರುತ್ತದೆ. ಅದು ಬರೀ ಎಣ್ಣೆಯ ತೂಕ. ನೋಡಬೇಕಾದ್ದು ಹಿಂಬದಿಯ ಸಣ್ಣಕ್ಷರದಲ್ಲಿರುವ ಗಾಮಾ ಲಿನೋಲೆನಿಕ್ ಆಮ್ಲದ (ಈ ಎಣ್ಣೆಯ ಗುಣಕ್ಕೆ ಕಾರಣವೆನ್ನುವ ಕೊಬ್ಬಿನಾಮ್ಲ) ಪ್ರಮಾಣ: ಸಾಮಾನ್ಯವಾಗಿ ಶೇ. 8ರಿಂದ 10, ಅಂದರೆ 80–100 ಮಿ.ಗ್ರಾಂ. ಉಳಿದದ್ದರಲ್ಲಿ ಬಹುಪಾಲು ಲಿನೋಲಿಕ್ ಆಮ್ಲ. ಅದು ಸೂರ್ಯಕಾಂತಿ ಎಣ್ಣೆಯಲ್ಲೂ ಧಾರಾಳವಾಗಿದೆ. ಗಾಮಾ ಲಿನೋಲೆನಿಕ್ ಆಮ್ಲದ ಅಂಕಿಯನ್ನೇ ಹಾಕದ ಡಬ್ಬಿ ಬೇಡ.

‘ಅಂಡಾಶಯದ ಗುಳ್ಳೆ ಕರಗಿಸುತ್ತದೆ’ ಎಂಬ ಮಾತಿನ ಮೂಲ ಹುಡುಕಿದರೆ, ಸಸ್ಯದೆಣ್ಣೆಗಳ ವಿಷಯದಲ್ಲಿ ಹಲವು ಸಲ ಸಿಗುವುದು ಇಲಿಗಳ ಪ್ರಯೋಗ. ಅಲ್ಲೊಂದು ಸ್ವಾರಸ್ಯವಿದೆ. ಇಲಿಗೆ ಪಿಸಿಒಎಸ್ ತರಿಸಲು ಸುಮಾರು 21 ದಿನ ಲೆಟ್ರೋಜೋಲ್ ಕೊಡುತ್ತಾರೆ. ಹೆಂಗಸರಲ್ಲಿ ಅಂಡೋತ್ಪತ್ತಿ ಮಾಡಿಸುವುದೂ ಅದೇ ಔಷಧಿಯಿಂದ! ವ್ಯತ್ಯಾಸ ಅವಧಿಯದು. ಆಂಡ್ರೋಜನ್ (ಗಂಡು ಹಾರ್ಮೋನು) ಅನ್ನು ಈಸ್ಟ್ರೋಜನ್ (ಹೆಣ್ಣು ಹಾರ್ಮೋನು) ಆಗಿಸುವ ಅರೋಮಟೇಸ್ ಕಿಣ್ವವನ್ನು ಲೆಟ್ರೋಜೋಲ್ ತಡೆಯುತ್ತದೆ. ಬಿಡದೆ ತಡೆದರೆ ಆಂಡ್ರೋಜನ್ ಈಸ್ಟ್ರೋಜನ್ ಆಗದೆ ಅಂಡಾಶಯದಲ್ಲೇ ಕೂಡಿಕೊಳ್ಳುತ್ತದೆ. ಮುಟ್ಟಿನ 3ನೇ ದಿನದಿಂದ ಐದೇ ದಿನ, ದಿನಕ್ಕೆ 2.5 ಮಿ.ಗ್ರಾಂ ಕೊಟ್ಟು ನಿಲ್ಲಿಸಿದರೆ, ಈಸ್ಟ್ರೋಜನ್ ಇಳಿದದ್ದಕ್ಕೆ ಎಫ್‌ಎಸ್‌ಎಚ್ (ಅಂಡಾಶಯವನ್ನು ಪ್ರಚೋದಿಸುವ ಹಾರ್ಮೋನು) ಏರಿ, ಅಂಡಾಣುವಿರುವ ಕೋಶಕ ಬೆಳೆಯುತ್ತದೆ. ಔಷಧಿಯಿಂದ ಕೆಡಿಸಿದ ಇಲಿಯ ಅಂಡಾಶಯ ಎಣ್ಣೆಯಿಂದ ಸುಧಾರಿಸಿತೆಂದರೆ, ವರ್ಷಗಟ್ಟಲೆ ಇನ್ಸುಲಿನ್ ಪ್ರತಿರೋಧ (ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸದಿರುವುದು) ಇರುವವರಿಗೂ ಹಾಗೇ ಆಗಬೇಕೆಂದಿಲ್ಲ.

2014ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಪಿಸಿಒಎಸ್ ಇದ್ದವರ ಪೈಕಿ ಲೆಟ್ರೋಜೋಲ್ ಪಡೆದ ಶೇ. 27.5 ಮಂದಿಗೆ ಮಗುವಾಯಿತು. ಅಂಡೋತ್ಪತ್ತಿಗೇ ಕೊಡುವ ಹಳೆಯ ಔಷಧಿ ಕ್ಲೋಮಿಫೀನ್ ಪಡೆದವರಲ್ಲಿ ಶೇ. 19.1. ಪ್ರಿಮ್‌ರೋಸ್ ಪರವಾಗಿ ಇಂಥ ಅಂಕಿಯಿಲ್ಲ. ಸ್ತನನೋವು, ಎಕ್ಸಿಮಾಗಳಿಗೆ ಔಷಧಿಯಾಗಿ ಅದಕ್ಕಿದ್ದ ಪರವಾನಗಿಯನ್ನೂ ಬ್ರಿಟನ್ 2002ರಲ್ಲಿ ಹಿಂಪಡೆಯಿತು, ಗುಣ ಸಾಬೀತಾಗಲಿಲ್ಲವೆಂದು.

ಆದರೂ ತೆಗೆದುಕೊಳ್ಳುವವರು ಊಟದ ಜೊತೆ ನುಂಗಲಿ. ಖಾಲಿ ಹೊಟ್ಟೆಯಲ್ಲಿ ವಾಕರಿಕೆ, ಭೇದಿ ಹೆಚ್ಚು. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಅಥವಾ ಆಸ್ಪಿರಿನ್ ಸೇವಿಸುತ್ತಿದ್ದರೆ, ಮೂರ್ಛೆರೋಗವಿದ್ದರೆ, ಗರ್ಭಿಣಿಯಾಗಿದ್ದರೆ ವೈದ್ಯರನ್ನು ಕೇಳದೆ ಬೇಡ. ಗಾಳಿ, ಬಿಸಿಗೆ ಈ ಎಣ್ಣೆ ಬೇಗ ಕನರುತ್ತದೆ. ಒಂದು ಕ್ಯಾಪ್ಸೂಲ್ ಕತ್ತರಿಸಿ ಮೂಸಿ. ಕಮಟು ವಾಸನೆ ಬಂದರೆ ಡಬ್ಬಿ ಎಸೆಯಿರಿ.

ಗರ್ಭನಿರೋಧಕ ಮಾತ್ರೆಯ ಜೊತೆಗೆ ಎಣ್ಣೆಯನ್ನೂ ತೆಗೆದುಕೊಂಡು ‘ಮುಟ್ಟು ಸರಿಹೋಯಿತು’ ಎನ್ನುವವರ ಶಿಫಾರಸನ್ನು ಲೆಕ್ಕಕ್ಕಿಡಬೇಡಿ: ಅದು ಮಾತ್ರೆ ನಿಲ್ಲಿಸಿದ ದಿನಗಳ ರಕ್ತಸ್ರಾವ, ಅಂಡೋತ್ಪತ್ತಿಯ ಗುರುತಲ್ಲ. ಅಂಡೋತ್ಪತ್ತಿ ತಿಳಿಯಲು ಮುಟ್ಟಿಗೆ ಸುಮಾರು ಏಳು ದಿನ ಮುಂಚೆ ರಕ್ತದಲ್ಲಿ ಪ್ರೊಜೆಸ್ಟರೋನ್ (ಅಂಡೋತ್ಪತ್ತಿಯಾದ ಮೇಲೆ ಏರುವ ಹಾರ್ಮೋನು) ಪರೀಕ್ಷಿಸಬೇಕು. ಮಾತ್ರೆ ಬಳಸದವರಿಗೆ 90 ದಿನವಾದರೂ ಮುಟ್ಟು ಬಾರದಿದ್ದರೆ, ಗರ್ಭವಿಲ್ಲವೆಂದು ಖಾತ್ರಿಯಾದ ಮೇಲೆ ಎಣ್ಣೆಯನ್ನೇ ನೆಚ್ಚಿ ಕೂರುವಂತಿಲ್ಲ. ಗರ್ಭಕೋಶದ ಒಳಪದರ ದಪ್ಪವಾಗುತ್ತಲೇ ಇರಬಹುದು, ಅದಕ್ಕೆ ಬೇಕಾದ್ದು ವೈದ್ಯರು ಬರೆದುಕೊಡುವ ಪ್ರೊಜೆಸ್ಟೋಜನ್ (ಪ್ರೊಜೆಸ್ಟರೋನಿನಂತೆ ಕೆಲಸ ಮಾಡುವ ಔಷಧಿ).