ಹೆಗಲು ನೋವಿಗೆ ರಬ್ಬರ್ ಬ್ಯಾಂಡ್: ಹಳದಿ ಸಾಕು, ಹಸಿರಿನ ಆಸೆ ಬೇಡ

ದಿನವಿಡೀ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುವವರಿಗೂ ಕಂಪ್ಯೂಟರ್ ಮುಂದೆ ಬಗ್ಗಿ ಕೂರುವವರಿಗೂ ಕಾಡುವ ಕುತ್ತಿಗೆ-ಹೆಗಲಿನ ಹಳೇ ನೋವಿಗೆ ಈ ಬ್ಯಾಂಡ್, ಅಂದರೆ ಎಳೆದು ವ್ಯಾಯಾಮ ಮಾಡುವ ಉದ್ದನೆಯ ರಬ್ಬರ್ ಪಟ್ಟಿ, ಕೊಳ್ಳಬಹುದು. ಇದರ ಬಣ್ಣ ಎಷ್ಟು ಬಿಗಿ ಎಂಬುದನ್ನು ಹೇಳುತ್ತದೆ. ಒಂದೂವರೆ ಮೀಟರ್ ಉದ್ದದ ಒಂದೇ ತುಂಡು ಸಾಕು. ಮೂರು ಬಣ್ಣದ ಸೆಟ್ ಕೊಂಡವರು ಮೂರನೇ ದಿನಕ್ಕೇ ಬಿಗಿಯಾದದ್ದಕ್ಕೆ ಕೈ ಹಾಕುತ್ತಾರೆ, ನಾಲ್ಕನೇ ದಿನ ಕುತ್ತಿಗೆ ತಿರುಗುವುದಿಲ್ಲ.

ಥೆರಾಬ್ಯಾಂಡ್ ಎಂಬ ಬ್ರ್ಯಾಂಡಿನ ಲೆಕ್ಕದಲ್ಲಿ, ಎರಡರಷ್ಟು ಉದ್ದಕ್ಕೆ ಎಳೆದಾಗ ಹಳದಿ ಸುಮಾರು 1.4 ಕೆಜಿ, ಕೆಂಪು 1.7, ಹಸಿರು 2.1 ಕೆಜಿಯಷ್ಟು ಜಗ್ಗುತ್ತದೆ. ಬೇರೆ ಕಂಪನಿಗಳ ಬಣ್ಣಕ್ಕೆ ಈ ಲೆಕ್ಕ ಹೊಂದದೆ ಇರಬಹುದು; ಅಂಗಡಿಯಲ್ಲೇ ಎಳೆದು ನೋಡಿ. ನೋವಿರುವವರು ಹಳದಿಯಿಂದಲೇ ಶುರು ಮಾಡಬೇಕು.

ಇಷ್ಟು ಹಗುರದ್ದರಿಂದ ಏನಾದೀತು ಅನ್ನಿಸುವುದು ಸಹಜ. 2011ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನವೊಂದರಲ್ಲಿ 198 ಜನರಿದ್ದರು. ವಾರಕ್ಕೆ ಐದು ದಿನ, ಹತ್ತು ವಾರ ಇಂಥದೇ ರಬ್ಬರ್ ಎಳೆದವರಲ್ಲಿ ದಿನಕ್ಕೆ 2 ನಿಮಿಷ ಮಾಡಿದವರ ನೋವೂ 12 ನಿಮಿಷ ಮಾಡಿದವರ ನೋವೂ ಇಳಿಯಿತು.

ಬ್ಯಾಂಡಿನ ನಡುಭಾಗವನ್ನು ಪಾದದ ಮಧ್ಯಕ್ಕೆ ಮೆಟ್ಟಿ, ಎರಡು ತುದಿ ಹಿಡಿದು, ಮೊಣಕೈ ತುಸು ಮಡಿಸಿ ಕೈಗಳನ್ನು ಪಕ್ಕಕ್ಕೆ ಹೆಗಲಿನ ಮಟ್ಟಕ್ಕೆ ಎತ್ತಿ. ಇಳಿಸುವಾಗ ಮೂರು ಎಣಿಸಿ. ಪಟ್ಟನೆ ಬಿಟ್ಟರೆ ಮರುದಿನದ ನೋವು ಅಲ್ಲಿಂದಲೇ ಬರುತ್ತದೆ. ಹೆಗಲು ಕಿವಿಯತ್ತ ಏರುತ್ತಿದ್ದರೆ ಬ್ಯಾಂಡ್ ಬಿಗಿಯಾಯಿತೆಂದೇ ಅರ್ಥ. ಮೊದಲ ವಾರ ಎಂಟು ಸಲ ಎತ್ತಿದರೆ ಸಾಕು, ಆಮೇಲೆ ಎರಡು ನಿಮಿಷದವರೆಗೆ ಏರಿಸಿ. ಸ್ವಲ್ಪ ನೋವು ಹೆಚ್ಚಿದರೂ ಮರುದಿನಕ್ಕೆ ಮೊದಲಿನಂತಾದರೆ ಸರಿ. ಆಗದಿದ್ದರೆ ಸಂಖ್ಯೆ ಅರ್ಧಕ್ಕಿಳಿಸಿ, ಪೂರ್ತಿ ನಿಲ್ಲಿಸಬೇಡಿ. ಕೈ ಜೋಮು ಹಿಡಿದರೆ, ಹಿಡಿತ ಸಡಿಲವಾದರೆ, ಎದೆ ನೋವು ಬಂದರೆ ಬ್ಯಾಂಡ್ ಬದಿಗಿಟ್ಟು ಡಾಕ್ಟರಿಗೆ ತೋರಿಸಿ.

ನುಣುಪಾದ ಕಾವಿ ನೆಲದಲ್ಲಿ ಬರಿಗಾಲಲ್ಲಿ ಮೆಟ್ಟಿದರೆ ಬ್ಯಾಂಡ್ ಜಾರಿ ನೇರ ಮುಖಕ್ಕೆ ಹೊಡೆಯುತ್ತದೆ. ಚಪ್ಪಲಿ ಹಾಕಿ, ಉಂಗುರ ತೆಗೆದಿಡಿ. ಕಂಬಕ್ಕೆ ಕಟ್ಟುವವರು ಚೂಪು ಅಂಚಿಗೆ ಬಟ್ಟೆ ಸುತ್ತಬೇಕು.

ಈ ವಸ್ತುವಿನ ನಿಜವಾದ ದೌರ್ಬಲ್ಯ ನಮ್ಮ ಮನೆಗಳಲ್ಲೇ ಬಯಲಾಗುತ್ತದೆ. ಹೆಗಲಿಗೆ ಕೊಬ್ಬರಿ ಎಣ್ಣೆ ತಿಕ್ಕಿ ಅದೇ ಕೈಯಲ್ಲಿ ಹಿಡಿದರೆ ಬ್ಯಾಂಡಿನ ಲೇಟೆಕ್ಸ್ (ಸಹಜ ರಬ್ಬರ್) ಮೆತ್ತಗಾಗಿ ಹರಿಯುತ್ತದೆ. ಎಣ್ಣೆ ತಿಕ್ಕುವುದು ಬ್ಯಾಂಡ್ ಎಳೆದಾದ ಮೇಲಿರಲಿ. ಮಳೆಗಾಲದಲ್ಲಿ ಮಡಿಸಿಟ್ಟದ್ದು ಪದರಕ್ಕೆ ಪದರ ಅಂಟುತ್ತದೆ. ತಣ್ಣೀರಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಪೌಡರ್ ಸವರಿ ಸುತ್ತಿಡಿ. ಹಂಚಿನ ಕೆಳಗಿನ ಅಟ್ಟವೂ ಒಲೆಯ ಮೇಲಿನ ನಾಗೊಂದಿಗೆಯೂ ಬೇಡ, ಶಾಖಕ್ಕೆ ಬಿರುಕು ಬಿಡುತ್ತದೆ. ವಾರಕ್ಕೊಮ್ಮೆ ಬೆಳಕಿಗೆ ಹಿಡಿದು ನೋಡಿ. ಸೂಜಿ ಮೊನೆಯಷ್ಟು ತೂತು ಕಂಡರೂ ಎಸೆಯಿರಿ. ರಬ್ಬರ್ ಮುಟ್ಟಿದರೆ ತುರಿಕೆ ಬರುವವರು ಲೇಟೆಕ್ಸ್ ಇಲ್ಲದ್ದನ್ನೇ ಕೇಳಿ ಪಡೆಯಬೇಕು.