ತೋಳಿನ ಬಿಪಿ ಮೆಷಿನ್: ಪರದೆಗಿಂತ ಪಟ್ಟಿ ಮುಖ್ಯ

ನಡುವಯಸ್ಸು ದಾಟಿದವರು ಉಪ್ಪು ತಗ್ಗಿಸಿ, ದಿನಾ ನಡೆದು, ತೂಕ ಇಳಿಸಲು ಹೊರಟಾಗ ಇದರಿಂದ ಹೃದಯಕ್ಕೆ ಏನಾದರೂ ಉಪಯೋಗವಾಗುತ್ತಿದೆಯೇ ಎಂಬ ಅನುಮಾನ ಬಂದೇ ಬರುತ್ತದೆ. ಕೊಲೆಸ್ಟ್ರಾಲ್ ತಿಳಿಯಲು ರಕ್ತಪರೀಕ್ಷೆಯೇ ಆಗಬೇಕು. ರಕ್ತದೊತ್ತಡ ಹಾಗಲ್ಲ. ಕೆಲವೇ ವಾರಗಳಲ್ಲಿ ಇಳಿತ ಕಾಣತೊಡಗುತ್ತದೆ, ಮನೆಯಲ್ಲೇ ಅಳೆಯಲೂಬಹುದು. ಹೃದಯದ ಸಲುವಾಗಿ ಒಂದೇ ಒಂದು ಉಪಕರಣ ಕೊಳ್ಳುವುದಾದರೆ ತೋಳಿಗೆ ಕಟ್ಟುವ ಆಟೋಮ್ಯಾಟಿಕ್ ಬಿಪಿ ಮೆಷಿನ್ನೇ ಇರಲಿ.

ಮಣಿಕಟ್ಟಿನ ಮಾದರಿ ಹಗುರ, ಕಟ್ಟಲು ಸುಲಭ. ಆದರೆ ಅಳೆಯುವ ಜಾಗ ಹೃದಯದ ಮಟ್ಟಕ್ಕಿಂತ 10 ಸೆಂ.ಮೀ. ಕೆಳಗಿದ್ದರೆ ರೀಡಿಂಗ್ ಸುಮಾರು 7–8 ಅಂಕ ಏರುತ್ತದೆ, ಮಣಿಕಟ್ಟು ಕೆಳಗೆ ಜಾರುವುದಂತೂ ಬಹಳ ಸುಲಭ. ಗಾಳಿ ತುಂಬಿ ಬಿಗಿಯುವ ಪಟ್ಟಿಯೇ (ಕಫ್) ಇಲ್ಲದ ವಾಚು, ಉಂಗುರಗಳ ಅಂಕಿ ನಂಬಿ ಮಾತ್ರೆ ಬದಲಿಸುವುದು ಬೇಡ.

ಕೊಳ್ಳುವವರು ಪರದೆ, ಬ್ಲೂಟೂತ್ ನೋಡುತ್ತಾರೆ. ನೋಡಬೇಕಾದ್ದು ಪಟ್ಟಿಯನ್ನು. ಭುಜಕ್ಕೂ ಮೊಣಕೈಗೂ ನಡುವೆ ತೋಳಿನ ಸುತ್ತಳತೆಯನ್ನು ಟೇಪಿನಲ್ಲಿ ಅಳೆದುಕೊಳ್ಳಿ. ಡಬ್ಬಿಯೊಳಗೆ ಸಾಮಾನ್ಯವಾಗಿ ಬರುವುದು 22–32 ಸೆಂ.ಮೀ. ತೋಳಿನ ಪಟ್ಟಿ. ಅದಕ್ಕಿಂತ ದಪ್ಪ ತೋಳಿಗೆ ಅದನ್ನೇ ಬಿಗಿದರೆ ಬಿಪಿ ಇದ್ದುದಕ್ಕಿಂತ ಹೆಚ್ಚು ತೋರಿಸುತ್ತದೆ. ತೀರಾ ದಪ್ಪ ತೋಳಿನಲ್ಲಿ ಮೇಲಿನ ಸಂಖ್ಯೆ (ಎರಡರಲ್ಲಿ ದೊಡ್ಡದು) 20ರಷ್ಟು ಏರಿ ಬರುವುದೂ ಉಂಟು. ಇಲ್ಲದ ಬಿಪಿಗೆ ಮಾತ್ರೆ ನುಂಗಿದಂತಾಗುತ್ತದೆ. 22–42 ಸೆಂ.ಮೀ. ಪಟ್ಟಿ ಜೊತೆಗೇ ಸಿಗುವ ಮಾದರಿಯಾದರೆ ಹೆಚ್ಚಿನವರಿಗೆ ಸಾಕು. ಆ ಮಾದರಿ ಐಎಸ್‌ಒ 81060-2 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಪರೀಕ್ಷೆಯಾಗಿದೆಯೇ ಎಂಬುದನ್ನು ಪರೀಕ್ಷೆಯಾದ ಮೆಷಿನ್ನುಗಳ ಹೆಸರು ಕೊಡುವ ಸ್ಟ್ರೈಡ್ ಬಿಪಿ ಜಾಲತಾಣದಲ್ಲಿ ಹುಡುಕಿ ಖಚಿತಪಡಿಸಿಕೊಳ್ಳಿ.

ಒಳ್ಳೆಯ ಮೆಷಿನ್ನೂ ಕೆಟ್ಟ ಅಳತೆ ಕೊಡುವುದು ಬಳಸುವ ರೀತಿಯಿಂದ. ಅರ್ಧ ಗಂಟೆ ಮೊದಲು ಕಾಫಿ, ಸಿಗರೇಟು, ವ್ಯಾಯಾಮ ಬೇಡ. ಮೂತ್ರಕ್ಕೆ ಹೋಗಿ ಬನ್ನಿ. ಮೂತ್ರ ತಡೆದುಕೊಂಡು ಕೂತರೆ ಬಿಪಿ ಏರುತ್ತದೆ. ಬೆನ್ನಿಗೆ ಆಸರೆ, ನೆಲದ ಮೇಲೆ ಎರಡೂ ಪಾದ, ಕಾಲ ಮೇಲೆ ಕಾಲು ಹಾಕದೆ ಐದು ನಿಮಿಷ ಸುಮ್ಮನೆ ಕೂರಬೇಕು. ಪಟ್ಟಿ ಬರಿ ತೋಳಿಗೆ, ಮೊಣಕೈ ಮಡಿಕೆಗಿಂತ 2–3 ಸೆಂ.ಮೀ. ಮೇಲೆ. ತೋಳು ಮೇಜಿನ ಮೇಲೆ, ಪಟ್ಟಿ ಎದೆಯ ಮಟ್ಟದಲ್ಲಿ. ಮೆಷಿನ್ ಓಡುವಾಗ ಮಾತಾಡಬೇಡಿ, ಮಾತಿನಿಂದಲೂ ಅಂಕಿ ಏರುತ್ತದೆ. ಮೊದಲ ದಿನ ಎರಡೂ ತೋಳು ನೋಡಿ, ಹೆಚ್ಚು ಬಂದ ತೋಳಿನಲ್ಲೇ ಮುಂದುವರಿಸಿ. ಮತ್ತೆ ಮತ್ತೆ 10ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ವೈದ್ಯರಿಗೆ ಹೇಳಿ.

ಒಂದು ಬೆಳಗಿನ ಅಂಕಿ ಹಿಡಿದು ಹಿಗ್ಗುವುದಾಗಲಿ ಹೆದರುವುದಾಗಲಿ ಬೇಡ. ಏಳು ದಿನ ಬೆಳಿಗ್ಗೆ, ಸಂಜೆ ಒಂದು ನಿಮಿಷದ ಅಂತರದಲ್ಲಿ ಎರಡೆರಡು ಸಲ ಅಳೆದು, ಮೊದಲ ದಿನದ್ದು ಬಿಟ್ಟು ಸರಾಸರಿ ತೆಗೆಯಿರಿ. ಮನೆಯ ಸರಾಸರಿ 135/85 ಮುಟ್ಟಿದರೆ ಅಥವಾ ದಾಟಿದರೆ ಅದು ಆಸ್ಪತ್ರೆಯ 140/90ಕ್ಕೆ, ಅಂದರೆ ಹೆಚ್ಚು ಬಿಪಿಗೆ, ಸಮ. ಬೆಳಗಿನ ಅಳತೆ ಮಾತ್ರೆಗೂ ತಿಂಡಿಗೂ ಮೊದಲು, ನಡಿಗೆಗೂ ಮೊದಲೇ ಆಗಲಿ. ವ್ಯಾಯಾಮ ಮುಗಿದ ಮೇಲೆ ಕೆಲವು ಗಂಟೆ ಬಿಪಿ ತಾನಾಗಿ ಕೆಳಗಿರುತ್ತದೆ, ಆಗ ಅಳೆದರೆ ಲೆಕ್ಕ ತಪ್ಪುತ್ತದೆ.

ಇಷ್ಟು ಶಿಸ್ತಿದ್ದರೆ ಬದಲಾವಣೆ ಕಣ್ಣಿಗೆ ಬೀಳುತ್ತದೆ. ಒಂದು ಕಿಲೋ ತೂಕ ಇಳಿದರೆ ಮೇಲಿನ ಸಂಖ್ಯೆ ಹೆಚ್ಚುಕಡಿಮೆ ಒಂದು ಅಂಕ ಇಳಿಯುತ್ತದೆ. ದಿನಕ್ಕೆ ಒಟ್ಟು ಉಪ್ಪು 5 ಗ್ರಾಮಿಗಿಂತ ಕಡಿಮೆ, ವಾರಕ್ಕೆ 150 ನಿಮಿಷ ಬಿರುಸು ನಡಿಗೆ: ಇವೆರಡನ್ನೂ ಹಿಡಿದವರು ತಿಂಗಳಿಗೊಂದು ವಾರದ ಸರಾಸರಿ ಬರೆದಿಟ್ಟು ಹೋಲಿಸಲಿ. ಅಂಕಿ ಇಳಿಯಿತೆಂದು ಮಾತ್ರೆಯನ್ನು ತಾವೇ ಬಿಡಬಾರದು, ಆ ಪುಸ್ತಕವನ್ನು ವೈದ್ಯರ ಮುಂದಿಡಬೇಕು.

ಕೊರತೆಗಳೂ ಇವೆ. ಹೃದಯ ಬಡಿತ ತಾಳ ತಪ್ಪುವವರಲ್ಲಿ ರೀಡಿಂಗ್ ಅಷ್ಟು ಭರವಸೆಯದಲ್ಲ. ಮೂರು ಸಲ ಅಳೆದು ಸರಾಸರಿ ತೆಗೆಯಬೇಕು. ಪದೇ ಪದೇ ಎರರ್ ತೋರಿಸಿದರೆ ಪಟ್ಟಿ ಸಡಿಲವಾಗಿರಬಹುದು, ಟ್ಯೂಬು ಸೀಳಿ ಗಾಳಿ ಸೋರುತ್ತಿರಬಹುದು, ಇಲ್ಲವೇ ಬ್ಯಾಟರಿ ಇಳಿದಿರಬಹುದು. ಮೆಷಿನ್ ಎಸೆಯುವ ಮೊದಲು ಇವನ್ನು ನೋಡಿ. ಎದ್ದಾಗ ತಲೆ ಸುತ್ತುವ ಹಿರಿಯರಿಗೆ ನಿಂತ ಒಂದು ಮತ್ತು ಮೂರು ನಿಮಿಷಕ್ಕೂ ಅಳೆಯಿರಿ, ಪಕ್ಕದಲ್ಲಿ ಯಾರಾದರೂ ಇರಲಿ. ಮೇಲಿನ ಸಂಖ್ಯೆ 20 ಕುಸಿದರೆ ವೈದ್ಯರಿಗೆ ತಿಳಿಸಬೇಕು. ಅಂಕಿ 180/120 ದಾಟಿ, ಜೊತೆಗೆ ಎದೆನೋವು, ಉಸಿರಾಟದ ತೊಂದರೆ, ಕೈಕಾಲು ಸ್ವಾಧೀನ ತಪ್ಪುವುದು ಅಥವಾ ಮಾತು ತೊದಲುವುದು ಕಂಡರೆ ಮತ್ತೆ ಅಳೆಯುತ್ತ ಕೂರದೆ ಆಸ್ಪತ್ರೆಗೆ ಹೊರಡಿ.